ನಿಲ್ಲುವ ನದಿ, ಮಲಗುವ ನದಿ

"ಓರೆ ಮಾಡ್ರೀ, ಓರೆ! ತಲೆ ಕಡೆಯವರು ಸ್ವಲ್ಪ ಮೇಲೆತ್ತಿ!" ಎಂದು ಗ್ರೀಸಣ್ಣ ಕೂಗುತ್ತಿದ್ದ. ಎಷ್ಟು ಓರೆ ಮಾಡಿದರೂ ಸ್ಟ್ರೆಚರ್ ಲಿಫ್ಟಿನೊಳಗೆ ಹಿಡಿಸಲಿಲ್ಲ. ಕಾಲಿನ ಕಡೆ ಗೇಣುದ್ದ ಹೊರಗೇ ಉಳಿಯಿತು. ಬಾಗಿಲು ಬಂದು ಅದಕ್ಕೆ ತಾಗುವುದು, ಬೆಚ್ಚಿಬಿದ್ದಂತೆ ಹಿಂದೆ ಸರಿಯುವುದು, ಮತ್ತೆ ಬಂದು ತಾಗುವುದು ನಡೆದೇ ಇತ್ತು.

ಸ್ಟ್ರೆಚರ್ ಮೇಲೆ ಬಿಳಿ ಹೊದಿಕೆಯ ಕೆಳಗಿದ್ದವನು ಬದುಕಿಡೀ ಲಿಫ್ಟ್ ರಿಪೇರಿ ಮಾಡಿದ ಮೆಕ್ಯಾನಿಕ್. ಜೊತೆ ಕೆಲಸಗಾರರು ಅವನನ್ನು ಕರೆಯುತ್ತಿದ್ದದ್ದು ರೇಡಿಯೋ ಎಂದು. ಲಿಫ್ಟ್ ಓಡಾಡುವ ಆ ಕತ್ತಲ ಬಾವಿಗೆ ಇಳಿದನೆಂದರೆ ಸಾಕು, ಅವನ ಬಾಯಲ್ಲಿ ಹಾಡು ಶುರುವಾಗುತ್ತಿತ್ತು, ಮೇಲೆ ಬರುವ ತನಕ ಮುಗಿಯುತ್ತಿರಲಿಲ್ಲ. ಗ್ರೀಸಣ್ಣ ಅವನ ಜೊತೆಗೇ ಕೆಲಸಕ್ಕೆ ಸೇರಿದವನು. ಎಷ್ಟು ತೊಳೆದರೂ ಹೋಗದ ಕಪ್ಪು ಅವನ ಉಗುರುಗಳಲ್ಲಿ ಇವತ್ತೂ ಇತ್ತು.

"ಒಳಗಿನ ಕನ್ನಡಿ ಬಿಚ್ಚಿಬಿಡ್ತೀನಿ, ಜಾಗ ಆಗುತ್ತೆ" ಎಂದು ಅವನು ಜೇಬಿಗೆ ಕೈಹಾಕಿ ಸ್ಕ್ರೂಡ್ರೈವರ್ ತೆಗೆದ. ಸಾವಿನ ಮನೆಗೂ ಅದನ್ನು ಜೇಬಲ್ಲಿಟ್ಟುಕೊಂಡೇ ಬಂದಿದ್ದ.

"ಬೇಡ, ಮೆಟ್ಟಿಲ ಮೇಲೇ ಇಳಿಸೋಣ" ಎಂದ ತೀರಿಕೊಂಡವನ ತಮ್ಮ. ಕೋರ್ಟಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು, ಬೆಳಗಿನಿಂದ ಎಲ್ಲ ವ್ಯವಸ್ಥೆಯೂ ಅವನದೇ. "ಚಿತಾಗಾರದವರು ಕೊಟ್ಟಿರೋ ಹೊತ್ತು ಮೀರಿದ್ರೆ ನಮಗೋಸ್ಕರ ಯಾರೂ ಕಾಯಲ್ಲ."

ಎಲ್ಲರೂ ತೀರಿಕೊಂಡವನ ಹೆಂಡತಿಯ ಕಡೆ ನೋಡಿದರು. ಆಕೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಗಂಡನ ಜೊತೆಯವರೆಲ್ಲ ಆಕೆಯನ್ನು ಕರೆಯುವುದು ರಷ್ಯನ್ ಮೇಡಂ ಎಂದು. ಒಂದು ಕಾಲದಲ್ಲಿ ಕಾರ್ಖಾನೆಯೊಂದರಲ್ಲಿ ರಷ್ಯನ್ ಭಾಷೆಯ ಅನುವಾದಕಿಯಾಗಿದ್ದಳು.

"ಮೆಟ್ಟಿಲೇ ಇರಲಿ" ಎಂದಳು ಆಕೆ. "ಅವರೇನು ಯಾವತ್ತಾದ್ರೂ ಲಿಫ್ಟ್ ಹತ್ತಿದ್ರಾ? ರಿಪೇರಿ ಮಾಡೋನಿಗೆ ಗೊತ್ತಿರುತ್ತೆ ಅದರ ಹಣೆಬರಹ ಅಂತಿದ್ರು."

ಗ್ರೀಸಣ್ಣ ನಕ್ಕುಬಿಟ್ಟ. ನಕ್ಕಿದ್ದಕ್ಕೆ ನಾಚಿ ಮುಖ ಒರೆಸಿಕೊಂಡ. ನಾಲ್ಕು ಜನ ಹೆಗಲು ಕೊಟ್ಟು ಇಳಿಯತೊಡಗಿದರು.

ಮೂರನೇ ಮಹಡಿಯಲ್ಲಿ ಅಲ್ಲೇ ವಾಸವಿದ್ದ ನರ್ಸ್ ಒಬ್ಬಳು ಕೆಲಸದ ಬಟ್ಟೆಯಲ್ಲೇ ಕಾಯುತ್ತಿದ್ದಳು. ಸ್ಟ್ರೆಚರ್ ಹೋಗಲು ದಾರಿ ಬಿಟ್ಟು, ಹಿಂದೆ ಬರುತ್ತಿದ್ದ ಆಕೆಯ ಕೈ ಹಿಡಿದುಕೊಂಡಳು.

"ಆಂಟಿ, ನನ್ನ ಮಗಳನ್ನ ಮಲಗಿಸಿದ್ದೇ ಅಂಕಲ್ ಹಾಡು ಹೇಳಿ. ಆ ನದಿ ಹಾಡು. ಅಲ್ಲಿ ಹೇಳ್ತೀರಲ್ವಾ ಎಲ್ಲರೂ?"

ಮುಂದೆ ಇಳಿಯುತ್ತಿದ್ದ ಮೈದುನ ತಿರುಗಿ ನೋಡದೆಯೇ ಉತ್ತರ ಕೊಟ್ಟ. "ಹಾಡುಗೀಡು ಏನೂ ಇಲ್ಲ. ಹೆಣದ ಮುಂದೆ ಸಂಗೀತ ಕಚೇರಿ ನಡೆಸೋಕಾಗುತ್ತಾ? ಸುಮ್ಮನೆ ಕಳಿಸಿಕೊಡೋಣ."

"ರೇಡಿಯೋನ ಹಾಡಿಲ್ದೆ ಕಳಿಸೋದಾ ಸರ್?" ಎಂದ ಗ್ರೀಸಣ್ಣ, ಭಾರಕ್ಕೆ ಏದುಸಿರು ಬಿಡುತ್ತ.

ಆಕೆಗೆ ಹಾಡು ಬೇಕೆಂದೂ ಅನ್ನಿಸಲಿಲ್ಲ, ಬೇಡವೆಂದೂ ಅನ್ನಿಸಲಿಲ್ಲ. ಅವನಲ್ಲದೆ ಬೇರೆ ಯಾರಾದರೂ ಅದನ್ನು ಹಾಡುವುದನ್ನು ಕೇಳಬೇಕಾದೀತಲ್ಲ ಎಂಬ ಅಳುಕು ಮಾತ್ರ ಇತ್ತು.

*

ಅವರಿಬ್ಬರಿಗೆ ಪರಿಚಯವಾದದ್ದು ಕೆಟ್ಟುನಿಂತ ಲಿಫ್ಟಿನ ದೆಸೆಯಿಂದ.

ಆಗ ಆಕೆಗೆ ಮೂವತ್ತು ದಾಟಿತ್ತು. ಕಾರ್ಖಾನೆಗೆ ಯಂತ್ರಗಳು ರಷ್ಯಾದಿಂದ ಬರುತ್ತಿದ್ದವು. ಅವುಗಳ ಜೊತೆ ಬರುವ ದಪ್ಪ ಕೈಪಿಡಿಗಳನ್ನು ನಮ್ಮ ಭಾಷೆಗೆ ತರುವುದು ಆಕೆಯ ಕೆಲಸ. ಹಗಲೆಲ್ಲ ಬೋಲ್ಟು, ಬೇರಿಂಗು, ಎಣ್ಣೆ ಎಂದು ಬರೆದು, ಸಂಜೆ ಮನೆಗೆ ಬಂದು ಅದೇ ಭಾಷೆಯ ಕವಿತೆಗಳನ್ನು ಹಿಡಿದು ಕೂರುತ್ತಿದ್ದಳು. ಬರೆದವಳು ಹೆಚ್ಚು ಜನ ಕೇಳಿರದ ಒಬ್ಬ ಹೆಂಗಸು, ನದಿದಡದ ಊರೊಂದರಲ್ಲಿ ಬದುಕಿ ಅಲ್ಲೇ ಸತ್ತವಳು. ಆ ಅನುವಾದಗಳದ್ದೊಂದು ತೆಳ್ಳಗಿನ ಪುಸ್ತಕ ಅಚ್ಚಾಗಿತ್ತು. "ಮೇಡಂ, ನಿಮ್ಮ ಪುಸ್ತಕ ಗೆದ್ದಲಿಗೂ ರುಚಿಸ್ತಾ ಇಲ್ಲ" ಎಂದಿದ್ದ ಅಚ್ಚು ಹಾಕಿದವನು.

ಒಂದು ಮಧ್ಯಾಹ್ನ ಕಚೇರಿಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ದೀಪವೂ ಆರಿತು. ಆಕೆ ಬಾಗಿಲು ಬಡಿದು ಬಡಿದು ಕೈ ಕೆಂಪಾದ ಮೇಲೆ ತಲೆಯ ಮೇಲಿಂದ ಒಂದು ದನಿ ಬಂತು.

"ಗಾಬರಿ ಆಗ್ಬೇಡಿ. ಹಗ್ಗ ಗಟ್ಟಿ ಇದೆ. ಒಂಚೂರು ತಡೀರಿ."

ಆಮೇಲೆ ಸ್ಪ್ಯಾನರಿನ ಸದ್ದು, ಸದ್ದಿನ ಜೊತೆಗೆ ಹಾಡು.

"ನದಿ ಮಲಗುವ ಮುನ್ನ ಬಾ,
ದೋಣಿ ಇನ್ನೂ ನೀರಲ್ಲಿದೆ..."

ಆಕೆಗೆ ಹೆದರಿಕೆ ಮರೆತುಹೋಯಿತು. ಗಂಟಲು ಹರಿಯುವಂತೆ ಕೂಗಿದಳು. "ಮಲಗುವ ಅಲ್ಲ, ನಿಲ್ಲುವ!"

ಸ್ಪ್ಯಾನರ್ ಸುಮ್ಮನಾಯಿತು. "ಏನಂದ್ರಿ?"

"ನದಿ ನಿಲ್ಲುವ ಮುನ್ನ! ಪುಸ್ತಕದಲ್ಲಿರೋದು ನಿಲ್ಲುವ ಅಂತ!"

"ಅದು ಅಚ್ಚಿನ ತಪ್ಪು ಮೇಡಂ. ನದಿ ಎಲ್ಲಾದ್ರೂ ನಿಲ್ಲುತ್ತಾ? ನಾನೇ ಸರಿಮಾಡ್ಕೊಂಡೆ."

"ಅಚ್ಚಿನ ತಪ್ಪಲ್ಲ! ಅನುವಾದ ಮಾಡಿದ್ದು ನಾನು!"

ಮೇಲೆ ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು. ಕೊನೆಗೆ, "ಹಾಗಾದ್ರೆ ಮೊದಲು ನಿಮ್ಮನ್ನ ಹೊರಗೆ ತೆಗೀತೀನಿ. ಜಗಳ ಎದುರೆದುರು ಕೂತು ಆಡೋಣ" ಎಂದಿತು ದನಿ.

ಕ್ಯಾಂಟೀನಿನಲ್ಲಿ ಎದುರೆದುರು ಕೂತರು. ಪೊಟ್ಟಣ ಕಟ್ಟುವ ರದ್ದಿ ಕಾಗದದ ರಾಶಿಯಲ್ಲಿ ಸಿಕ್ಕಿದ ಪುಸ್ತಕವಂತೆ, ಅರ್ಧ ಹಾಳೆಗಳಿಲ್ಲವಂತೆ, ಇದ್ದಷ್ಟಕ್ಕೆ ರಾಗ ಕಟ್ಟಿಕೊಂಡಿದ್ದಾನಂತೆ. ಆಕೆ ಚಹಾ ತಣ್ಣಗಾಗುವ ತನಕ ವಿವರಿಸಿದಳು. ಅಲ್ಲಿ ಚಳಿಗಾಲದಲ್ಲಿ ನದಿಯ ನೀರು ಹೆಪ್ಪುಗಟ್ಟುತ್ತದೆ, ಅದಕ್ಕೆ ಅವರು ನದಿ ನಿಂತಿತು ಅನ್ನುತ್ತಾರೆ. ನಿಂತ ನದಿಯ ಮೇಲೆ ಜನ ನಡೆದು ದಾಟುತ್ತಾರೆ, ಗಾಡಿ ಹೊಡೆದುಕೊಂಡೂ ಹೋಗುತ್ತಾರೆ. ಕವಿತೆಯ ಹೆಂಗಸು ಹೇಳುವುದೂ ಅದನ್ನೇ: ದೋಣಿ ಇರುವಾಗಲೇ ನೀನು ಬಾ, ಬಾರದಿದ್ದರೆ ನಿಂತ ನದಿಯ ಮೇಲೆ ನಾನೇ ನಡೆದು ಬರುತ್ತೇನೆ.

ಅವನು ಕೇಳಿಸಿಕೊಂಡ. "ಚೆನ್ನಾಗಿದೆ. ಆದ್ರೆ ನನ್ನ ಕೆಲಸದಲ್ಲಿ ನಿಲ್ಲೋದು ಅಂದ್ರೆ ಕೆಟ್ಟುಹೋಗೋದು ಮೇಡಂ. ದಿನಾ ನಿಂತುಹೋಗಿರೋದನ್ನೇ ನೋಡ್ತೀನಿ, ಹಾಡಲ್ಲೂ ನಿಲ್ಲಿಸ್ಬೇಕಾ? ಅದೂ ಅಲ್ದೆ, ನಿಲ್ಲು ಅಂದ್ರೆ ನಾಲಗೆ ಹೋಗಿ ಅಂಗುಳಕ್ಕೆ ಅಂಟ್ಕೊಳ್ಳುತ್ತೆ. ಮಲಗು ಅಂದ್ರೆ ಉಸಿರು ಹಾಗೇ ಹರಿದುಹೋಗುತ್ತೆ. ಬೇಕಾದ್ರೆ ಹಾಡಿ ನೋಡಿ."

"ನಂಗೆ ಹಾಡೋಕೆ ಬರಲ್ಲ."

"ಅದಕ್ಕೇ ನಿಲ್ಲು ಅಂತ ಬರೆದಿದ್ದೀರಿ."

ಆಕೆಗೆ ಸಿಟ್ಟು ನೆತ್ತಿಗೇರಿತು. ಮಾರನೆಯ ದಿನ ಕಳೆದುಹೋದ ಹಾಳೆಗಳ ಬದಲಿಗೆ ಇಡೀ ಪುಸ್ತಕವನ್ನೇ ತಂದುಕೊಟ್ಟಳು.

*

ವ್ಯಾನಿನಲ್ಲಿ ಸ್ಟ್ರೆಚರಿನ ಒಂದು ಪಕ್ಕ ಆಕೆ, ಇನ್ನೊಂದು ಪಕ್ಕ ಮೈದುನ. ರಸ್ತೆ ಹಾಳಾಗಿತ್ತು. ಗುಂಡಿ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಕೈಚಾಚಿ ಹೊದಿಕೆ ಹಿಡಿದುಕೊಳ್ಳುತ್ತಿದ್ದರು.

"ಅತ್ತಿಗೆ, ನಿಮಗೆ ಬೇಜಾರಾಯ್ತಾ, ಹಾಡು ಬೇಡ ಅಂದಿದ್ದಕ್ಕೆ?"

"ಇಲ್ಲಪ್ಪ."

"ನನಗೆ ಆ ಹಾಡು ಕಂಡ್ರೆ ಮೊದಲಿಂದ ಆಗಲ್ಲ. ಒಂದೇ ಕೋಣೆ ನಮ್ಮಿಬ್ಬರಿಗೂ. ನಾನು ಪರೀಕ್ಷೆಗೆ ಓದ್ತಿದ್ದೆ, ಇವನು ನಲ್ಲಿ ಕೆಳಗೆ ನಿಂತು ಅದೇ ನಾಲ್ಕು ಸಾಲು. ಒಂದು ದಿನ ಹಾಗೆ, ಒಂದು ದಿನ ಹೀಗೆ. ಫೇಲಾದೆ."

"ಎರಡನೇ ಸಲ ಪಾಸಾದೆಯಲ್ಲ."

"ಅಷ್ಟೊತ್ತಿಗೆ ಬೇರೆ ಕೋಣೆ ಮಾಡಿದ್ದೆ."

ಆಕೆಯ ತುಟಿಯಂಚು ಸಡಿಲವಾಯಿತು. ಮೈದುನ ಕಿಟಕಿಯ ಕಡೆ ತಿರುಗಿಕೊಂಡ. "ಹೊಸ ಕೋಣೇಲಿ ಸದ್ದೇ ಇರಲಿಲ್ಲ. ನಿದ್ದೆ ಬರ್ತಿರಲಿಲ್ಲ" ಎಂದ, ಯಾರಿಗೋ ಹೇಳುವವನಂತೆ.

*

ಮದುವೆಯಾದ ಮೇಲೆ ಭಾನುವಾರಗಳು ಹಾಡಿಗೇ ಮೀಸಲಾದವು. ಆಕೆ ರಷ್ಯನ್ ಪುಸ್ತಕ ತೆರೆದರೆ ಅವನು ನೆಲದ ಮೇಲೆ ಗೋಡೆಗೊರಗಿ ಕಣ್ಣುಮುಚ್ಚುತ್ತಿದ್ದ.

"ಮೊದಲು ಅವರ ಭಾಷೇಲಿ ಓದು. ಅರ್ಥ ಈಗಲೇ ಹೇಳ್ಬೇಡ."

ಒಂದಕ್ಷರ ತಿಳಿಯದಿದ್ದರೂ ಎಲ್ಲಿ ಒತ್ತು, ಎಲ್ಲಿ ಇಳಿತ ಎಂದು ತೊಡೆಯ ಮೇಲೆ ಬೆರಳಾಡಿಸುತ್ತಿದ್ದ. ಆಮೇಲೆ ಆಕೆಯ ಅನುವಾದ, ಆಮೇಲೆ ಅವನ ರಾಗ, ಆಮೇಲೆ ಜಗಳ. ಮಗನನ್ನು ಕಳೆದುಕೊಂಡ ತಾಯಿಯ ಕವಿತೆಗೆ ಒಮ್ಮೆ ಕುಣಿಯುವಂಥ ರಾಗ ಹಾಕಿಬಿಟ್ಟಿದ್ದ. "ಇದೇನು ಮದುವೆ ಮನೆ ಹಾಡಾ?" ಎಂದು ಆಕೆ ಪುಸ್ತಕ ಮುಚ್ಚಿದಳು. ವಾರವೆಲ್ಲ ಬಾವಿಯೊಳಗೆ ಗುನುಗಿ, ಮುಂದಿನ ಭಾನುವಾರ ಅವನು ಬೇರೆಯೇ ರಾಗ ತಂದ. ಅದನ್ನು ಕೇಳಿ ಆಕೆ ಎದ್ದು ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತಿದ್ದಳು. ಮಕ್ಕಳಿಲ್ಲದ ಮನೆ ಅವರದು.

ಕಾರ್ಖಾನೆಯ ರಷ್ಯನ್ ಇಂಜಿನಿಯರ್ ಒಬ್ಬನ ಹೆಂಡತಿ ಊರಿಗೆ ಮರಳುವಾಗ ಗ್ರಾಮಫೋನ್ ತಟ್ಟೆಯೊಂದನ್ನು ಕೊಟ್ಟುಹೋದಳು. ಅದೇ ನದಿಯ ಕವಿತೆ. ಅವರದೇ ದೇಶದ ಸಂಗೀತಗಾರನೊಬ್ಬ ರಾಗ ಕೂಡಿಸಿದ್ದ, ಭಾರೀ ಕಂಠದ ಗಾಯಕನೊಬ್ಬ ಪಿಯಾನೋ ಜೊತೆ ಹಾಡಿದ್ದ. ಗಂಡ ಗ್ರಾಮಫೋನಿನ ಪೆಟ್ಟಿಗೆಗೆ ಕಿವಿಯಂಟಿಸಿಕೊಂಡು ಕೇಳಿದ. ಮುಗಿದ ಮೇಲೆ ಕೇಳಿದ ಮೊದಲ ಪ್ರಶ್ನೆ ಇದು:

"ಪುಸ್ತಕದಲ್ಲಿರೋ ಹಾಗೇ ಹಾಡಿದ್ನಾ?"

"ಮತ್ತೆ? ಅವರ ಭಾಷೆಯಲ್ವಾ?"

"ಮೂರನೇ ಸಾಲಲ್ಲಿ ಒಂದು ಪದ ಎರಡೆರಡು ಸಲ ಬಂದ ಹಾಗಿತ್ತು. ಇನ್ನೊಂದ್ಸಲ ಹಾಕು."

ಮತ್ತೆ ಹಾಕಿದರು. ನಿಜ, ಪುಸ್ತಕದಲ್ಲಿ ಒಮ್ಮೆ ಮಾತ್ರ ಇದ್ದ 'ನಾನೇ' ಎಂಬ ಪದವನ್ನು ಗಾಯಕ ಎರಡು ಸಲ ಹಾಡಿದ್ದ.

"ನೋಡಿದ್ಯಾ? ಅವರ ಮನೇಲೇ ಮುರಿದಿದ್ದಾರೆ!" ಎಂದು ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಎರಡು ಸಲ ಹೇಳೋದು ಬೇರೆ, ಪದಾನೇ ಬದಲಾಯಿಸೋದು ಬೇರೆ. ಮಲಗಿರೋ ನದಿ ಮೇಲೆ ಅವಳು ಹೇಗೆ ನಡೀತಾಳೆ ಹೇಳಿ? ಮಲಗಿದವರ ಮೇಲೆ ಯಾರಾದ್ರೂ ನಡೀತಾರಾ? ತುಳಿದ ಹಾಗಾಗಲ್ವಾ?"

ಅವನು ಮತ್ತೆ ನೆಲದ ಮೇಲೆ ಕೂತ.

"ಮೆತ್ತಗೆ ನಡೀತಾಳೆ" ಎಂದ.

ಆಕೆ ಪೆಟ್ಟಿಗೆಯ ಮುಳ್ಳನ್ನೆತ್ತಿ ಹಾಡನ್ನು ಮತ್ತೆ ಮೊದಲಿಂದ ಹಾಕಿದಳು.

*

ಕಳೆದ ವರ್ಷ ಗಂಟಲಲ್ಲಿ ಗಂಟು ಕಾಣಿಸಿಕೊಂಡು, ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ನಡುವೆ ಉಸಿರಿಗೊಂದು ತೂತು ಉಳಿಯಿತು. ರೇಡಿಯೋ ಬಂದಾಯಿತು ಎಂದು ಗ್ರೀಸಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದ.

ಆಕೆ ಹಾಸಿಗೆಯ ಪಕ್ಕ ಕೂತು ಕವಿತೆ ಓದುತ್ತಿದ್ದಳು. ಅವನು ಮಂಚದ ಕಬ್ಬಿಣದ ಸರಳಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ನದಿಯ ಕವಿತೆ ಬಂದಾಗ ಆಕೆ 'ನಿಲ್ಲುವ' ಎಂದು ಓದುವುದು, ಅವನು ತಲೆಯಲ್ಲಾಡಿಸಿ ಅಂಗೈಯನ್ನು ಕೆನ್ನೆಗೆ ಒತ್ತಿ ಮಲಗಿದವನಂತೆ ನಟಿಸುವುದು, ಇದು ದಿನವೂ ನಡೆಯುತ್ತಿತ್ತು.

ಒಂದು ಸಂಜೆ ಅವನು ತೀರಾ ಸೋತಿದ್ದ. ನೋಡಲಾರದೆ ಆಕೆ ಅವನಿಗೆ ಹಿತವಾಗಲೆಂದು 'ನದಿ ಮಲಗುವ ಮುನ್ನ ಬಾ' ಎಂದು ಓದಿದಳು. ತಾಳ ನಿಂತಿತು. ಅವನು ಕಣ್ಣು ಬಿಟ್ಟು ಆಕೆಯನ್ನೇ ದುರುಗುಟ್ಟಿ ನೋಡಿದ. ಅಷ್ಟು ಸಿಟ್ಟನ್ನು ಆ ಮುಖದಲ್ಲಿ ಆಕೆ ಕಂಡೇ ಇರಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ, ಅಂಗೈಯನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದ. ಆಕೆ ಮೊದಲಿನಿಂದ ಓದಿದಳು, 'ನಿಲ್ಲುವ' ಎಂದೇ. ಆಗ ಅವನು ಸಮಾಧಾನವಾದವನಂತೆ ಅಂಗೈಯನ್ನು ಕೆನ್ನೆಗೊತ್ತಿ, ಇಲ್ಲ ಎಂದು ತಲೆಯಲ್ಲಾಡಿಸಿದ.

*

ಚಿತಾಗಾರದ ಹಾಲ್ ತಣ್ಣಗಿತ್ತು. ಸಿಮೆಂಟಿನ ನೆಲ, ಗೋಡೆಗುಂಟ ಬೆಂಚುಗಳು, ಎದುರಿಗೆ ಕಬ್ಬಿಣದ ಬಾಗಿಲು. ಅದರ ಮುಂದೆ ಹಳಿಯ ಮೇಲಿನ ಗಾಡಿ. ಅವನನ್ನು ಅದರ ಮೇಲೆ ಮಲಗಿಸಿದರು. ಅಲ್ಲಿನ ಕೆಲಸಗಾರ, "ನೋಡೋರು ನೋಡ್ಕೊಳ್ಳಿ" ಎಂದು ಹೇಳಿ ದೂರ ಸರಿದು ನಿಂತ.

ಎಲ್ಲರೂ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಗ್ರೀಸಣ್ಣ ಕೆಮ್ಮಿದ. ಕೆಮ್ಮು ಹಾಡಾಗಿ ತಿರುಗಿತು.

"ನದಿ ಮಲಗುವ ಮುನ್ನ ಬಾ..."

ಅಪಸ್ವರ ಅಂದರೆ ಅಪಸ್ವರ. ನರ್ಸ್ ಬೇಗ ಬಂದು ದನಿ ಸೇರಿಸಿ ಹಾಡನ್ನು ಹಳಿಗೆ ತಂದಳು. ಇನ್ನಿಬ್ಬರು ಮೆಕ್ಯಾನಿಕರೂ ಸೇರಿದರು. ಮೈದುನ ಹುಬ್ಬು ಗಂಟಿಕ್ಕಿದನೇ ಹೊರತು ತಡೆಯಲಿಲ್ಲ. ಎಲ್ಲರೂ ಭಕ್ತಿಯಿಂದ, ತಲೆತಗ್ಗಿಸಿ, ಅವನು ಹಾಡುತ್ತಿದ್ದ ಹಾಗೆಯೇ ಹಾಡಿದರು. ಮಲಗುವ, ಮಲಗಿದ. ಒಬ್ಬರೂ ತಕರಾರು ತೆಗೆಯಲಿಲ್ಲ. ಅದನ್ನೇ ಆಕೆಗೆ ತಡೆದುಕೊಳ್ಳಲಾಗಲಿಲ್ಲ.

"ನಿಲ್ಲಿಸಿ" ಎಂದಳು.

ಹಾಡು ಅರ್ಧಕ್ಕೆ ಕಡಿಯಿತು. ತಪ್ಪು ಮಾಡಿದವರಂತೆ ಎಲ್ಲರೂ ನೋಡಿದರು. "ನಾನು ಮೊದಲೇ ಹೇಳಿದ್ದೆ..." ಎಂದು ಮೈದುನ ಶುರುಮಾಡಿದ.

"ಹಾಡಬೇಡಿ ಅನ್ನಲಿಲ್ಲ. ಸರಿಯಾಗಿ ಹಾಡಿ. ಅದು ಮಲಗುವ ಅಲ್ಲ, ನಿಲ್ಲುವ."

ಮೈದುನ ಆಕೆಯ ಕಡೆ ತಿರುಗಿದ. "ಅತ್ತಿಗೆ, ಅಣ್ಣ ಹಾಡ್ತಿದ್ದದ್ದು ಮಲಗುವ ಅಂತಾನೇ."

"ಅವರು ತಪ್ಪು ಹಾಡ್ತಿದ್ರು."

"ಇವತ್ತೊಂದು ದಿನ..."

"ಇವತ್ತಂತೂ ಬೇಡವೇ ಬೇಡ." ಆಕೆಯ ದನಿ ಏರಿತು. "ಮಲಗಿಬಿಟ್ರೆ ಮುಗೀತು, ಇನ್ನೇನಿದೆ? ನಿಂತ್ರೆ ಈ ಕಡೆಯಿಂದ ಆ ಕಡೆಗೆ ದಾರಿ ಇರುತ್ತೆ. ಅವಳು ಬರ್ತೀನಿ ಅಂತ ಹೇಳಿರೋದು ಆ ದಾರಿ ನಂಬಿಕೊಂಡು."

"ನೀವು ಬರೆದಿರಬಹುದು. ಮೊದಲು ಕೇಳಿಸಿಕೊಂಡವನು ನಾನು." ಮೈದುನನ ಮುಖ ಕೆಂಪಾಗಿತ್ತು. "ಒಂದು ತಿಂಗಳು ಆ ಪದಕ್ಕೆ ಒದ್ದಾಡಿದ್ದಾನೆ ಅವನು, ನಲ್ಲಿ ಕೆಳಗೆ. ನಿಲ್ಲುವ ಅಂತಾನೂ ಹಾಡಿ ನೋಡಿದಾನೆ, ಸರಿಹೋಗಿಲ್ಲ. ಅವನ ಹಾಡನ್ನ ಅವನ ಎದುರಿಗೇ ತಿದ್ದೋಕೆ ನಾನು ಬಿಡಲ್ಲ."

ಹೀಗೆಂದವನೇ ಹಾಡಲು ತೊಡಗಿದ. ಅವನು ಹಾಡಿದ್ದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ದನಿ ಒಡೆದಿತ್ತು, ಆದರೆ ಅಣ್ಣ ಎಲ್ಲಿ ಎಳೆಯುತ್ತಿದ್ದನೋ ಅಲ್ಲೇ ಎಳೆದ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನೋ ಅಲ್ಲೇ ತೆಗೆದುಕೊಂಡ. ಆ ಪದ ಬಂದಾಗ ಆಕೆ ಹಾಡದೆ, ಗಟ್ಟಿಯಾಗಿ ಹೇಳಿದಳು. "ನಿಲ್ಲುವ." ಅವನು "ಮಲಗುವ" ಎಂದು ಹಾಡಿ ಮುಂದೆ ಹೋದ. ನಾಲ್ಕನೇ ಸಾಲಿನಲ್ಲಿ 'ನಿಂತ', 'ಮಲಗಿದ' ಎರಡೂ ಒಂದರ ಮೇಲೊಂದು ಬಿದ್ದವು. ನರ್ಸ್ ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. ಗ್ರೀಸಣ್ಣ ಯಾವ ಕಡೆ ಸೇರಬೇಕೆಂದು ತಿಳಿಯದೆ ಒಮ್ಮೆ ಅದನ್ನೂ ಒಮ್ಮೆ ಇದನ್ನೂ ಹಾಡಿದ. ಮೈದುನ ಹಠ ಹಿಡಿದವನಂತೆ ಮೊದಲಿನಿಂದ ಎತ್ತಿಕೊಂಡ, ಆಕೆಯೂ ಬಿಡಲಿಲ್ಲ. ಇಬ್ಬರ ಕೆನ್ನೆಯ ಮೇಲೂ ನೀರಿಳಿಯುತ್ತಿತ್ತು.

ಹಾಡು ಮುಗಿದು ಆಕೆ ತಿರುಗಿ ನೋಡಿದಾಗ ಹಳಿಯ ಮೇಲೆ ಗಾಡಿ ಖಾಲಿಯಿತ್ತು. ಕಬ್ಬಿಣದ ಬಾಗಿಲು ಮುಚ್ಚಿತ್ತು.

"ಯಾವಾಗ..." ಎಂದಳು.

"ನೀವು ಹೇಳ್ತಿದ್ರಲ್ಲ ಅಮ್ಮ, ಆಗಲೇ" ಎಂದ ಕೆಲಸಗಾರ ಮೆಲ್ಲಗೆ.

*

ಹೊರಗೆ ತಗಡಿನ ಚಾವಣಿಯ ಕೆಳಗೆ ಮುಂದಿನವರು ಕಾಯುತ್ತಿದ್ದರು. ಮುಂದಿನವರು ಅಂದರೆ ಒಬ್ಬಳೇ ಮುದುಕಿ, ಪಕ್ಕದಲ್ಲಿ ಗಾಲಿಮಂಚದ ಮೇಲೆ ಹೊದಿಕೆ ಹೊದ್ದ ಹೆಣ. ವ್ಯಾನಿನ ಡ್ರೈವರ್ ದೂರದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

ಆಕೆ ಹಾದುಹೋಗುವಾಗ ಮುದುಕಿ ಎದ್ದು ನಿಂತಳು. "ಒಳಗೆ ಏನಮ್ಮ ಅದು? ಜಗಳದ ಥರ ಕೇಳಿಸ್ತಿತ್ತು. ಹಾಡಿನ ಥರಾನೂ ಕೇಳಿಸ್ತಿತ್ತು."

"ಹಾಡೇ."

"ಯಾರ ಹಾಡು?"

"ರಷ್ಯಾದ ಒಬ್ಬಳು ಹೆಂಗಸಿಂದು. ನಾನು ನಮ್ಮ ಭಾಷೆಗೆ ತಂದೆ. ನಮ್ಮನೆಯವರು ರಾಗ ಹಾಕಿದ್ರು."

ಮುದುಕಿ ಮಂಚದ ಸರಳು ಹಿಡಿದುಕೊಂಡಳು. "ಇವರಿಗೂ ಒಂದು ಹೇಳ್ತೀರಾ? ಕಾಲಿನ ಸ್ವಾಧೀನ ಹೋಗಿ ಬಹಳ ವರ್ಷ ಆಗಿತ್ತು, ಮನೆಗೆ ಯಾರೂ ಬರ್ತಿರಲಿಲ್ಲ. ಈಗಲೂ ಯಾರೂ ಬಂದಿಲ್ಲ."

"ನಂಗೆ ಹಾಡೋಕೆ ಬರಲ್ಲಮ್ಮ."

"ಹೇಳಿದ್ರೆ ಸಾಕು."

ಆಕೆ ಕೈಚೀಲವನ್ನು ಮೈದುನನ ಕೈಗೆ ಕೊಟ್ಟು, ಗುರುತೇ ಇಲ್ಲದ ಆ ಮನುಷ್ಯನ ತಲೆಯ ಹತ್ತಿರ ಹೋಗಿ ನಿಂತಳು. ಮೊದಲು ರಷ್ಯನ್‌ನಲ್ಲಿ ಹೇಳಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಸಾಲು:

"ನದಿ ನಿಲ್ಲುವ ಮುನ್ನ ಬಾ,
ದೋಣಿ ಇನ್ನೂ ನೀರಲ್ಲಿದೆ;
ಬಾರದಿದ್ದರೆ ನಾನೇ ಬರುವೆ,
ನಿಂತ ನದಿಯ ಮೇಲೆ ನಡೆದು."

ಮೈದುನ ಹಿಂದೆ ನಿಂತು ಪದವಿಲ್ಲದೆ ರಾಗ ಮಾತ್ರ ಗುನುಗಿದ.

"ನದಿ ಹೇಗಮ್ಮ ನಿಲ್ಲುತ್ತೆ?" ಎಂದು ಕೇಳಿದಳು ಮುದುಕಿ.

"ಚಳಿಗೆ. ನೀರು ಕಲ್ಲಿನ ಹಾಗಾಗುತ್ತೆ. ಆಗ ದೋಣಿ ಬೇಡ, ನಡ್ಕೊಂಡೇ ದಾಟಬಹುದು."

"ತುಂಬಾ ಚಳಿ ಇರುತ್ತಾ ಅಲ್ಲಿ?"

"ತುಂಬಾ."

ಮುದುಕಿ ತಲೆಯಾಡಿಸಿದಳು. ಮಂಚದ ಕೊನೆಗೆ ನಡೆದು ಹೋಗಿ, ಬಗ್ಗಿ, ಹೊದಿಕೆಯ ಅಂಚು ಮೇಲೆತ್ತಿದಳು. ಗಂಡನ ಒಂದು ಕಾಲಿನ ಉಣ್ಣೆಯ ಕಾಲುಚೀಲ ಹಿಮ್ಮಡಿಯ ತನಕ ಜಾರಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು, ಮೀನಖಂಡದವರೆಗೆ ಎಳೆದು, ಸುಕ್ಕು ನೀವಿದಳು. ಇನ್ನೊಂದು ಕಾಲಿನದು ಸರಿಯಾಗಿಯೇ ಇತ್ತು. ಅದನ್ನೂ ಒಮ್ಮೆ ಮೇಲಕ್ಕೆಳೆದಳು.